ನಾಲ್ಕು ದಿನದಲ್ಲಿ ಒಂದು ಗೌರವ ಡಾಕ್ಟರೇಟ್: ಮೈಸೂರಿನ ಘಟಿಕೋತ್ಸವವೊಂದರ ಪ್ರಕರಣ ಅಧ್ಯಯನ

ಗುರುವಾರ ಸಂಜೆ 6ಕ್ಕೆ ರಾಜಭವನದ ಪತ್ರ ಕುಲಸಚಿವರ ಮೇಜಿಗೆ ಬಂತು. ಗೌರವ ಡಾಕ್ಟರೇಟಿಗೆಂದು ಕಳಿಸಿದ್ದ ಹೆಸರುಗಳಲ್ಲಿ ಒಂದಕ್ಕೆ ಕುಲಾಧಿಪತಿಗಳ ಒಪ್ಪಿಗೆ ಸಿಕ್ಕಿತ್ತು. ಘಟಿಕೋತ್ಸವ ಮಂಗಳವಾರ ಬೆಳಿಗ್ಗೆ 11ಕ್ಕೆ. ನಡುವೆ ಉಳಿದದ್ದು ನಾಲ್ಕು ದಿನ, ಅದರಲ್ಲೊಂದು ಭಾನುವಾರ. ಗೌರವ ಪಡೆಯುವವರು ಮದ್ದೂರು ತಾಲ್ಲೂಕಿನ ಹಳ್ಳಿಯೊಂದರ 84 ವರ್ಷದ ನೀಲಗಾರರು, ತಂಬೂರಿ ಹಿಡಿದು ಜನಪದ ಸಂತ ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುವವರು. ಶಾಲೆಗೆ ಹೋದವರಲ್ಲ. ಎರಡೂ ಮಂಡಿ ಸವೆದಿವೆ, ಹತ್ತು ಹೆಜ್ಜೆ ನಡೆದರೆ ಕೂರಬೇಕು.

ಘಟಿಕೋತ್ಸವದ ಕೆಲಸಕ್ಕೆ ನಿಯೋಜನೆಗೊಳ್ಳುವ ಅಧ್ಯಾಪಕರು ಮತ್ತು ಸಿಬ್ಬಂದಿಯ ತರಬೇತಿಗಾಗಿ ಕಟ್ಟಿದ ಪ್ರಕರಣವಿದು. ವಿಶ್ವವಿದ್ಯಾನಿಲಯ, ಹಿರಿಯರು, ಅಧಿಕಾರಿಗಳು, ಆ ದಿನದ ಘಟನೆಗಳು ಕಲ್ಪಿತ. ಕಾನೂನು, ಅಳತೆ, ಮೈಸೂರು-ಮಂಡ್ಯದ ಸಂಗತಿಗಳು ನಿಜ.

ಗೌರವ ಡಾಕ್ಟರೇಟನ್ನು ಸಿದ್ಧವಾಗಿರುವ ಕಾರ್ಯಕ್ರಮಕ್ಕೆ ಕೊನೆಗೆ ತಂದು ಅಂಟಿಸುವುದು ರೂಢಿ. ವೇದಿಕೆ ಮುಗಿದಿರುತ್ತದೆ, ಆಹ್ವಾನ ಪತ್ರಿಕೆ ಅಚ್ಚಾಗಿರುತ್ತದೆ, ಗಳಿಗೆ ಗಳಿಗೆಯೂ ಹಂಚಿಹೋಗಿರುತ್ತದೆ. ಉಳಿದ ಸಂದಿಯಲ್ಲಿ ಹಿರಿಯರನ್ನು ಕೂರಿಸುತ್ತಾರೆ. ಈ ಪ್ರಕರಣದಲ್ಲಿ ಎದ್ದ ತೊಡಕುಗಳಲ್ಲಿ ಹೆಚ್ಚಿನವು ಆ ರೂಢಿಯಿಂದಲೇ ಹುಟ್ಟಿದವು.

ಒಪ್ಪಿಗೆ ಏಕೆ ತಡ

ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ 2000ರ ಪ್ರಕಾರ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಹೆಸರು ವಿಶ್ವವಿದ್ಯಾನಿಲಯದೊಳಗೆ ಸೋಸಿ ಅದರ ಆಡಳಿತ ಮಂಡಳಿಯಾದ ಸಿಂಡಿಕೇಟ್ ದಾಟಿ ರಾಜಭವನಕ್ಕೆ ಹೋಗುತ್ತದೆ. ಅಲ್ಲಿಂದ ಒಪ್ಪಿಗೆ ಬರುವತನಕ ಯಾವ ಹೆಸರೂ ಖಚಿತವಲ್ಲ. ಹಾಗಾಗಿ ಗುಟ್ಟು ಕಾಯಬೇಕು. ಗುಟ್ಟು ಕಾಯುವುದೆಂದರೆ ಪಡೆಯುವವರನ್ನೂ ಕೇಳದೆ ಇರುವುದು ಎಂದು ಕಚೇರಿಯವರು ತಿಳಿದುಬಿಡುತ್ತಾರೆ. ತಪ್ಪು ಅಲ್ಲಿಂದಲೇ ಶುರು.

ಸಮಾರಂಭವನ್ನೇ ಹದಿನೈದು ದಿನ ಮುಂದೂಡೋಣ ಎಂಬ ಮಾತು ಗುರುವಾರ ರಾತ್ರಿ ಬಂತು. ಅದಾಗುವಂತಿರಲಿಲ್ಲ. ವಿದ್ಯಾರ್ಥಿಗಳು ಪದವಿಗೆ ಅರ್ಹರಾದ ದಿನದಿಂದ 180 ದಿನದೊಳಗೆ ಪದವಿ ಪ್ರದಾನವಾಗಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2008ರ ನಿಯಮ ಹೇಳುತ್ತದೆ. ಅವಧಿಯಲ್ಲಿ ಹೆಚ್ಚು ದಿನ ಉಳಿದಿರಲಿಲ್ಲ.

ನಾಲ್ಕು ದಿನ ಸಾಲದು ಎಂದು ಎಲ್ಲರೂ ಹೇಳಿದರು. ಆದರೆ ಬೇಕಾದ ಕೆಲಸಗಳಲ್ಲಿ ಅರ್ಧಕ್ಕೂ ಹೆಚ್ಚಿಗೆ ಹೆಸರಿನ ಹಂಗೇ ಇರಲಿಲ್ಲ. ವೇದಿಕೆಗೆ ಇಳಿಜಾರು, ಗಾಲಿಕುರ್ಚಿ, ಮೂರು ಅಳತೆಯ ಗೌನು, ವೇದಿಕೆ ಹಿಂದೆ ಶೌಚಾಲಯ, ಸಂಗಡಿಗರಿಗೆ ಖಾಲಿ ಪಾಸು. ಯಾರೇ ಬಂದರೂ ಇವು ಬೇಕಾಗುತ್ತವೆ. ಗೌರವ ಡಾಕ್ಟರೇಟ್ ಪಡೆಯುವವರು ಬಹುಪಾಲು ವಯಸ್ಸಾದವರೇ. ಒಪ್ಪಿಗೆ ಬರುವ ತಿಂಗಳ ಮೊದಲೇ ಇವನ್ನೆಲ್ಲ ಮಾಡಿಡಬಹುದಿತ್ತು.

ಪತ್ರಿಕಾಗೋಷ್ಠಿಗೆ ಮೊದಲು ಹಳ್ಳಿಗೆ

ಶುಕ್ರವಾರ ಬೆಳಿಗ್ಗೆ 11ಕ್ಕೆ ಕುಲಪತಿಗಳ ಪತ್ರಿಕಾಗೋಷ್ಠಿ ನಿಗದಿಯಾಗಿತ್ತು. ಕನ್ನಡ ವಿಭಾಗದ ಅಧ್ಯಾಪಕರೊಬ್ಬರನ್ನು ಹಿರಿಯರ ಜೊತೆಗಾರರೆಂದು ನೇಮಿಸಿದ್ದರು. ಅವರು ಪಟ್ಟು ಹಿಡಿದು ಗೋಷ್ಠಿಯನ್ನು ಸಂಜೆ 4ಕ್ಕೆ ಹಾಕಿಸಿ, ಬೆಳಗಿನ ಜಾವವೇ ಹೊರಟರು. ಮೈಸೂರಿನಿಂದ ಮದ್ದೂರಿಗೆ ಸುಮಾರು 65 ಕಿಲೋಮೀಟರ್. ಟಿವಿಯಲ್ಲಿ ಸುದ್ದಿ ನೋಡಿ ಊರವರು ಹಾರ ತಂದ ಮೇಲೆ ಹಿರಿಯರಿಗೆ ವಿಷಯ ಗೊತ್ತಾಗಬಾರದು ಎಂಬುದು ಅವರ ಹಟ. ಈ ಇಡೀ ಪ್ರಕರಣದಲ್ಲಿ ತೆಗೆದುಕೊಂಡ ಅತ್ಯುತ್ತಮ ತೀರ್ಮಾನ ಇದು ಎಂದು ನಮ್ಮ ಎಣಿಕೆ.

“ಯಜಮಾನ್ರೇ, ವಿಶ್ವವಿದ್ಯಾನಿಲಯದವ್ರು ನಿಮಗೆ ಡಾಕ್ಟರೇಟ್ ಕೊಡ್ಬೇಕು ಅಂತಿದಾರೆ. ನೀವು ಒಪ್ಪಿದ್ರೆ ಮಾತ್ರ ಮುಂದಿನ ಮಾತು.”

“ಕೊಟ್ರೆ ಈಸ್ಕತೀನಿ ಮೇಷ್ಟ್ರೇ. ಆದ್ರೆ ರುಮಾಲು ತೆಗೆಯಾಕಿಲ್ಲ. ತಂಬೂರಿ ಬುಟ್ಟೂ ಬರಾಕಿಲ್ಲ.”

ಆ ಎರಡು ಮಾತಿನಲ್ಲಿ ಮುಂದಿನ ಮೂರು ದಿನದ ಕೆಲಸ ಇತ್ತು. ಮೇಷ್ಟ್ರು ಅಲ್ಲೇ ಜಗುಲಿಯ ಮೇಲೆ ಕೂತು ಉಳಿದದ್ದನ್ನೂ ಕೇಳಿ ಬರೆದುಕೊಂಡರು: ಹೆಸರನ್ನು ಹೇಗೆ ಬರೆಯುತ್ತೀರಿ, ಎಷ್ಟು ಹೊತ್ತು ಒಂದೇ ಕಡೆ ಕೂರಬಲ್ಲಿರಿ, ಯಾವ ಹೊತ್ತಿಗೆ ಮಾತ್ರೆ, ಏನು ಉಣ್ಣುತ್ತೀರಿ, ಯಾರು ಜೊತೆಗೆ ಬರುತ್ತಾರೆ, ಹಾಡಿದರೆ ಹಿಮ್ಮೇಳಕ್ಕೆ ಯಾರು. ಸಕ್ಕರೆ ಕಾಯಿಲೆ ಇದೆ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ಬೆಳಿಗ್ಗೆ ನುಂಗುತ್ತಾರೆ ಎಂಬ ಸಂಗತಿ ಹೊರಬಿದ್ದದ್ದು ಆಗ. ರಾಜ್ಯಪಾಲರು ಬರುವ ಅರ್ಧ ಗಂಟೆ ಮೊದಲೇ ಎಲ್ಲರೂ ಆಸೀನರಾಗಿರಬೇಕು, ಸಮಾರಂಭ ಒಂದೂವರೆ ಗಂಟೆ. ಅಂದರೆ ಎರಡು ಗಂಟೆ ಎದ್ದುಹೋಗುವಂತಿಲ್ಲ. ಹಾಗಾಗಿ ಆ ದಿನ ಮಾತ್ರೆಯನ್ನು ಮಧ್ಯಾಹ್ನಕ್ಕೆ ದೂಡಬಹುದೇ ಎಂದು ಮನೆಯವರು ಅವರ ವೈದ್ಯರನ್ನೇ ಕೇಳಿ ತಿಳಿದುಕೊಂಡರು. ಜೊತೆಗೆ ಮೇಷ್ಟ್ರು, ವೇದಿಕೆ ಹಿಂದಿನ ಶೌಚಾಲಯಕ್ಕೆ ಬೀಗ ಹಾಕಬಾರದೆಂದು ಭದ್ರತೆಯವರಿಗೆ ಲಿಖಿತವಾಗಿ ತಿಳಿಸಿದರು. ಗಣ್ಯರ ಭದ್ರತೆಗೆಂದು ಅಂಥ ಬಾಗಿಲುಗಳನ್ನು ಮೊಹರು ಮಾಡಿಬಿಡುವುದುಂಟು.

ಹೆಸರು

ಕಡತದಲ್ಲಿ ಹೆಸರು “ಸಿದ್ಧ” ಎಂದು ಮಹಾಪ್ರಾಣದಲ್ಲಿತ್ತು, ಆಧಾರ್ ಕಾರ್ಡಿನಲ್ಲಿ “ಸಿದ್ದ” ಎಂದಿತ್ತು, ಹಳ್ಳಿಯ ಗೋಡೆಯ ಮೇಲೆ ತಂಬೂರಿಯೂ ಸೇರಿ ಬೇರೆಯೇ ಒಂದು ಹೆಸರು. ಹಿರಿಯರು ಓದಿದವರಲ್ಲ ಎಂದು ಕಚೇರಿಯವರು ತಾವೇ “ಶುದ್ಧ ರೂಪ” ಆರಿಸಲು ಹೊರಟಿದ್ದರು. ಮೇಷ್ಟ್ರು ಮೊಮ್ಮಗಳ ಕೈಯಲ್ಲಿ ಬರೆಸಿ, ಓದಿ ಹೇಳಿಸಿ, ಹಿರಿಯರಿಂದ ಹೂಂ ಅನ್ನಿಸಿಕೊಂಡರು. ಅಲ್ಪಪ್ರಾಣವೇ ಉಳಿಯಿತು. ಗೌರವ ಪದವಿಯನ್ನು ಯಾವ ನೌಕರಿಯ ಅರ್ಜಿಗೂ ಲಗತ್ತಿಸುವುದಿಲ್ಲ. ಹಾಗಿದ್ದಾಗ ಅದರ ಮೇಲಿರಬೇಕಾದದ್ದು ಅವರು ಒಪ್ಪುವ ಹೆಸರು.

ಅದಾದ ಮೇಲೂ ಶನಿವಾರದ ಕರಡು ಮುದ್ರಣದಲ್ಲಿ ಹೆಸರು ಕೆಟ್ಟೇ ಬಂತು. ಕಾರಣ ಲಿಪಿ. ವಿಶ್ವವಿದ್ಯಾನಿಲಯದ ಹಳೆಯ ಪ್ರಮಾಣಪತ್ರದ ನಮೂನೆ “ನುಡಿ” ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿತ್ತು, ಹೆಸರುಗಳ ಪಟ್ಟಿ ಎಲ್ಲ ಗಣಕಗಳಿಗೂ ಒಂದೇ ಆದ ಸಂಕೇತ ಪದ್ಧತಿ ಯೂನಿಕೋಡಿನಲ್ಲಿ. ಹಳೆಯ ನುಡಿಯಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು, ದೀರ್ಘಗಳು ಜಾಗ ತಪ್ಪುತ್ತವೆ. ಪರದೆಯ ಮೇಲೆ ಸರಿಯಾಗಿ ಕಂಡದ್ದು ಮುದ್ರಣಾಲಯದ ಗಣಕದಲ್ಲಿ ಬೇರೆಯಾಗಿರುತ್ತದೆ. ಪದಕ ವಿಜೇತರ ಪಟ್ಟಿಯಲ್ಲಂತೂ ಪ್ರತಿ ಸಾಲಿನಲ್ಲೂ “ರ‍್ಯಾಂಕ್” ಎಂಬ ಪದ. ಯೂನಿಕೋಡಿನಲ್ಲಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಹಾಕದಿದ್ದರೆ ಅದು ಅರ್ಕಾವತ್ತಾಗಿ “ರ್ಯಾಂಕ್” ಎಂದು ಬೀಳುತ್ತದೆ.

ಪರಿಹಾರ ಸರಳ, ಆದರೆ ಬೇಸರದ ಕೆಲಸ. ಇಡೀ ನಮೂನೆಯನ್ನು ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಬೇಕು. ಅಂತಿಮ ಪ್ರತಿಯನ್ನು ಮುದ್ರಣಾಲಯದ ಗಣಕದಿಂದಲೇ ಕಾಗದಕ್ಕೆ ತೆಗೆಯಬೇಕು. ಒಬ್ಬರು ಅಕ್ಷರ ಅಕ್ಷರವಾಗಿ ಓದಬೇಕು, ಇನ್ನೊಬ್ಬರು ಮೂಲ ಹಿಡಿದು ನೋಡಬೇಕು. ಪಿಡಿಎಫ್ ನೋಡಿ ಒಪ್ಪಿಗೆ ಕೊಟ್ಟವರೇ ಆಮೇಲೆ ಪ್ರಮಾಣಪತ್ರ ಮರುಮುದ್ರಿಸುತ್ತಾರೆ.

ಇನ್ನೊಂದು ಸೂಕ್ಷ್ಮ. ಕಾರ್ಯಕ್ರಮ ಪಟ್ಟಿಯ ಕರಡಿನಲ್ಲಿ ಹಿರಿಯರ ಹೆಸರಿನ ಹಿಂದೆ ಆಗಲೇ “ಡಾ.” ಬಿದ್ದಿತ್ತು. ಪದವಿ ಪ್ರದಾನವಾಗುವ ಮೊದಲೇ ಅದನ್ನು ಅಚ್ಚು ಮಾಡಿದರೆ ಕುಲಾಧಿಪತಿಗಳು ಕೊಡುವುದೇನು ಉಳಿಯಿತು? ತೆಗೆಸಿದರು.

ಪ್ರಶಂಸಾ ವಾಚನ

ಈ ಕೆಲಸಕ್ಕೆ ಉಳಿದೆಲ್ಲದಕ್ಕಿಂತ ಹೆಚ್ಚು ಸಮಯ ಕೊಡಬೇಕು. ಲ್ಯಾಟಿನ್ನಿನ “ಹೊನೋರಿಸ್ ಕೌಸಾ” ಎಂದರೆ ಗೌರವದ ಸಲುವಾಗಿ ಎಂದಷ್ಟೇ. ಪರೀಕ್ಷೆ, ಪ್ರಬಂಧ, ಮೌಖಿಕ ಪರೀಕ್ಷೆ ಯಾವುದೂ ಇಲ್ಲದ ಈ ಪದವಿಗೆ ಆಧಾರವಾಗಿ ನಿಲ್ಲುವ ಬರಹ ಒಂದೇ, ವಾಚನದ ಆ ಒಂದು ಪುಟ. ಪಿಎಚ್‌ಡಿಯ ಹಿಂದೆ ಮುನ್ನೂರು ಪುಟ ಇರುತ್ತದೆ, ಇಲ್ಲಿ ಇನ್ನೂರು ಚಿಲ್ಲರೆ ಪದ.

ಮೊದಲ ಕರಡು ಹೀಗೆ ಶುರುವಾಗಿತ್ತು: “ಅವಿದ್ಯಾವಂತರಾಗಿದ್ದರೂ ಸಹ ಜಾನಪದ ಕ್ಷೇತ್ರದಲ್ಲಿ ಅಪಾರ ಸೇವೆ ಸಲ್ಲಿಸಿರುವ…” ವಿಶ್ವವಿದ್ಯಾನಿಲಯವೊಂದು ಡಾಕ್ಟರೇಟ್ ಕೊಡುತ್ತಾ ಅದೇ ಉಸಿರಿನಲ್ಲಿ ಅವಿದ್ಯಾವಂತರು ಎನ್ನುವುದು ತನ್ನ ತೀರ್ಮಾನವನ್ನು ತಾನೇ ಕೆಡಿಸಿಕೊಂಡಂತೆ. ಅಷ್ಟು ಉದ್ದದ ಕಥೆಯನ್ನು ಪುಸ್ತಕವಿಲ್ಲದೆ ನಾಲಿಗೆಯ ಮೇಲೆ ಇಟ್ಟುಕೊಂಡವರು ವಿದ್ಯೆಯಿಲ್ಲದವರಲ್ಲ, ಅಕ್ಷರ ಕಲಿಯದವರು. ಕರಡಿನ ಉಳಿದ ಭಾಗದ ತುಂಬ ಪ್ರಶಸ್ತಿಗಳ ಪಟ್ಟಿ. “ಅಪಾರ”, “ಅನನ್ಯ”, “ಅವಿಸ್ಮರಣೀಯ” ತೆಗೆದರೆ ಯಾರಿಗೆ ಬೇಕಾದರೂ ಹೊಂದುತ್ತಿತ್ತು.

ಮೇಷ್ಟ್ರು ಶುಕ್ರವಾರ ಹಳ್ಳಿಯಲ್ಲಿ ಕೇಳಿ ಬರೆದುಕೊಂಡದ್ದು ಈಗ ಕೈಹಿಡಿಯಿತು. ಯಾವ ಯಾವ ಸಾಲು, ಅಂದರೆ ಕಥೆಯ ಭಾಗ, ಹಾಡುತ್ತಾರೆ? ಮಂಟೇಸ್ವಾಮಿ ಶರಣರನ್ನು ಪರೀಕ್ಷಿಸಲು ಕಲ್ಯಾಣಕ್ಕೆ ಹೋಗುವ ಸಾಲು, ಅವರ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷಕ್ಕೆ ಹಲಗೂರಿನ ಕಮ್ಮಾರ ಪಾಂಚಾಳರ ಬಳಿಗೆ ಹೋಗುವ ಸಾಲು. ಯಾರಿಂದ ಕಲಿತರು, ಯಾರಿಗೆ ಕಲಿಸಿದರು? ಬೊಪ್ಪೇಗೌಡನಪುರ, ಕಪ್ಪಡಿ, ಚಿಕ್ಕಲ್ಲೂರು ಜಾತ್ರೆಗಳಲ್ಲಿ ಎಲ್ಲಿ ಕೂತು ಹಾಡುತ್ತಾರೆ? ಎರಡನೆಯ ಕರಡು ಹಿರಿಯರು ನೀಲಗಾರ ದೀಕ್ಷೆ ಪಡೆದ ದಿನದಿಂದ ಶುರುವಾಯಿತು. ಪ್ರಶಸ್ತಿಗಳು ಕೊನೆಯ ಒಂದು ವಾಕ್ಯಕ್ಕೆ ಇಳಿದವು. ಮಂಡ್ಯ, ಮೈಸೂರು, ಚಾಮರಾಜನಗರದ ಸಭಿಕರಿಗೆ ಹಲಗೂರು, ಕಪ್ಪಡಿ ಎಂದರೆ ಸಾಕು, ವಿಶೇಷಣದ ಅಗತ್ಯವೇ ಬೀಳದು.

ಉದ್ದ 230 ಪದ. ಸಭೆಗೆ ಕೇಳುವಂತೆ ನಿಧಾನವಾಗಿ ಓದಿದರೆ ಎರಡೂವರೆ ನಿಮಿಷ. ಓದುವವರು ಬೇರೆಯವರಾದರೆ ಅವರಿಗೆ ಎರಡು ದಿನ ಮೊದಲೇ ಕೊಡಬೇಕು, ಗಟ್ಟಿಯಾಗಿ ಮೂರು ಸಲ ಓದಿಸಬೇಕು. ಅಕ್ಷರ 18 ಪಾಯಿಂಟಿಗಿಂತ ಚಿಕ್ಕದಿರಬಾರದು, ವಾಕ್ಯ ಪುಟದ ತುದಿಯಲ್ಲಿ ತುಂಡಾಗಬಾರದು. ರಾಜ್ಯಪಾಲರಿಗೆ ಕನ್ನಡ ಬರದಿದ್ದರೆ ಅವರ ಭಾಷೆಯ ಅನುವಾದದ ಪ್ರತಿ ಅವರ ಕಡತದಲ್ಲಿರಬೇಕು. ಆದರೆ ಸಭೆಯಲ್ಲಿ ಓದುವುದು ಕನ್ನಡವೇ, ಕೇಳಬೇಕಾದವರು ಹಿರಿಯರು.

ರುಮಾಲು, ಗೌನು, ಹುಡ್

ಗೌನು ಯುರೋಪಿನ ಮಧ್ಯಯುಗದ ಮಠ-ವಿದ್ಯಾಪೀಠಗಳಿಂದ ಬಂದ ಉಡುಪು. ಚಳಿಯ ದೇಶದ್ದು. ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆ ಬಳಸಿರೆಂದು ಯುಜಿಸಿ 2019ರಲ್ಲಿ ವಿಶ್ವವಿದ್ಯಾನಿಲಯಗಳಿಗೆ ಸೂಚಿಸಿತ್ತು. ಸ್ಯಾಟಿನ್ನಿನ ಬಾಡಿಗೆ ಗೌನು ಸೆಖೆಗೆ ಮೈಗಂಟುತ್ತದೆ, ಗಾಲಿಕುರ್ಚಿಯ ಮೇಲೆ ಜಾರುತ್ತದೆ. ನಂಜನಗೂಡು ತಾಲ್ಲೂಕಿನ ಬದನವಾಳಿನಂಥ ಖಾದಿ ಕೇಂದ್ರ ಪಕ್ಕದಲ್ಲೇ ಇರುವ ಊರು ನಮ್ಮದು. ಇಲ್ಲಿ ಹಿರಿಯರಿಗೆ ಹತ್ತಿಯ ಗೌನನ್ನೇ ಹೊಲಿಸಿದರು.

ಅಳತೆ ತೆಗೆಯುವಾಗ ದರ್ಜಿ ಹಿರಿಯರನ್ನು ನಿಲ್ಲಿಸಿ ಅಳೆದ. ಭಾನುವಾರದ ತಾಲೀಮಿನಲ್ಲಿ ಗೌನಿನ ಅಂಚು ಗಾಲಿಗೆ ಸಿಕ್ಕಿತು. ಗಾಲಿಕುರ್ಚಿಯಲ್ಲಿ ಬರುವವರ ಅಳತೆಯನ್ನು ಕೂತ ಭಂಗಿಯಲ್ಲೇ ತೆಗೆಯಬೇಕು. ಅಂಚು ನೆಲದಿಂದ 20 ಸೆಂಟಿಮೀಟರ್ ಮೇಲಿರಬೇಕು, ಬದಿಯ ಬಟ್ಟೆಯನ್ನು ತೊಡೆಯ ಕೆಳಗೆ ಮಡಚಿಡಬೇಕು. ತಂಬೂರಿ ಮೀಟುವವರಿಗೆ ಅಗಲ ತೋಳು ತಂತಿಗೆ ತಾಗುತ್ತದೆ. ಬಲತೋಳನ್ನು ಮಣಿಕಟ್ಟಿನ ಬಳಿ ಗುಂಡಿ ಹಾಕುವಂತೆ ಮಾಡಿದರು.

ಗೌನಿನ ಮೇಲೆ ಹೆಗಲಿಂದ ಬೆನ್ನಿಗೆ ಇಳಿಬಿಡುವ ಹುಡ್ಡಿನದು ಇನ್ನೊಂದು ಕಥೆ. ಮುಂದಿನ ತುದಿಯಲ್ಲಿರುವ ಸಣ್ಣ ಕುಣಿಕೆಯನ್ನು ಅಂಗಿಯ ಗುಂಡಿಗೆ ಸಿಕ್ಕಿಸುವುದು ಅದರ ಲೆಕ್ಕ. ಗುಂಡಿಯಿಲ್ಲದ ಜುಬ್ಬದ ಮೇಲೆ ಹಿಂದಿನ ಭಾರಕ್ಕೆ ಅದು ಸರಿದು ಕುತ್ತಿಗೆ ಒತ್ತುತ್ತದೆ. ಗೌನಿನ ಎರಡೂ ಹೆಗಲ ಹೊಲಿಗೆಗೆ ಒಳಗಿನಿಂದ ಒಂದೊಂದು ಗುಂಡಿ ಹೊಲಿದರೆ ತೀರಿತು. ಪಿನ್ನು ಬೇಡ, ಗಡಿಬಿಡಿಯಲ್ಲಿ ಚುಚ್ಚುತ್ತದೆ.

ರುಮಾಲಿನ ಬಗ್ಗೆ ಚರ್ಚೆಯೇ ಆಗಬಾರದಿತ್ತು, ಆದರೂ ಆಯಿತು. ಎಲ್ಲ ಗಣ್ಯರಿಗೂ ಮೈಸೂರು ಪೇಟ ತರಿಸಿದ್ದರಿಂದ ಏಕರೂಪ ಕೆಡುತ್ತದೆ ಎಂದು ಸಮಿತಿಯಲ್ಲಿ ಒಬ್ಬರು. ನೀಲಗಾರರ ರುಮಾಲು ಅವರ ದೀಕ್ಷೆಗೆ ಸೇರಿದ್ದು, ಅಲಂಕಾರವಲ್ಲ ಎಂದು ಮೇಷ್ಟ್ರು ವಿವರಿಸಿದ ಮೇಲೆ ಕುಲಪತಿಗಳೇ ಮಾತು ಮುಗಿಸಿದರು.

ಮೂರು ಅಡಿ ಎತ್ತರ, ಮೂವತ್ತಾರು ಅಡಿ ದಾರಿ

ವೇದಿಕೆಯ ಎತ್ತರ 3 ಅಡಿ, ಹತ್ತಲು ಆರು ಮೆಟ್ಟಿಲು. ಶಾಮಿಯಾನದವರು 12 ಅಡಿಯ ಹಲಗೆಯೊಂದನ್ನು ತಂದು ಒರಗಿಸಿ ಇಳಿಜಾರು ಆಯಿತೆಂದರು. 1:4ರ ಆ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರ ನಂತರ ಬಂದ ಸುಗಮ್ಯತೆಯ ಮಾರ್ಗಸೂಚಿಗಳಲ್ಲಿ ಹೇಳಿರುವ ಪ್ರಮಾಣ 1:12. ಒಂದಡಿ ಏರಲು 12 ಅಡಿ ಓಟ, 3 ಅಡಿಗೆ 36 ಅಡಿ. ನಡುವೆ ನಿಂತು ಉಸಿರು ತೆಗೆದುಕೊಳ್ಳಲು 5 ಅಡಿಯ ಮಟ್ಟಸ ಜಾಗ.

ಸಭಾಂಗಣದ ಬದಿಯಲ್ಲಿ ಸಿಕ್ಕಿದ್ದು 28 ಅಡಿ. ಹಾಗಾಗಿ ಮೂಲೆ ತಿರುಗುವ ದಾರಿ ಮಾಡಿದರು: 18 ಅಡಿ ಏರು, 5 ಅಡಿ ಚೌಕದ ಮಟ್ಟಸ, ಅಲ್ಲಿಂದ ತಿರುಗಿ ಮತ್ತೆ 18 ಅಡಿ. ಅಗಲ 4 ಅಡಿ, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ಅಂಚಿಗೆ ಗಾಲಿ ಜಾರದಂತೆ ಎರಡಿಂಚಿನ ಪಟ್ಟಿ. ಕಬ್ಬಿಣದ ಚೌಕಟ್ಟು, ಎರಡು ಅಡಿಗೊಂದು ಅಡ್ಡಪಟ್ಟಿ, ಮೇಲೆ 19 ಮಿಲಿಮೀಟರ್ ಪ್ಲೈವುಡ್. ಅದರ ಮೇಲೆ ಕೆಂಪು ಜಮಖಾನೆಯನ್ನು ಸುಮ್ಮನೆ ಹಾಸಿದ್ದರು. ಮುಂದಿನ ಚಿಕ್ಕ ಗಾಲಿಗಳು ಅದನ್ನು ಸುಕ್ಕು ಮಾಡಿಕೊಂಡು ನಿಂತುಬಿಟ್ಟವು. ಜಮಖಾನೆ ತೆಗೆದು ರಬ್ಬರಿನ ಹಾಸನ್ನು ಅಂಟು ಹಾಕಿ ಕೂರಿಸಿದರು.

ನಾಲ್ಕು ಜನ ಕುರ್ಚಿಸಮೇತ ಎತ್ತಿಬಿಡೋಣ, ಅರ್ಧ ನಿಮಿಷದ ಕೆಲಸ ಎಂಬ ಸಲಹೆಯೂ ಬಂದಿತ್ತು. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಎತ್ತುವಾಗ ಒಬ್ಬರ ಕೈ ಸಡಿಲವಾದರೂ ಬೀಳುವುದು 84 ವರ್ಷದ ಮೈ. ಬೀಳದಿದ್ದರೂ ಸಾವಿರ ಜನರ ಎದುರು ಹೊರೆಯಂತೆ ಎತ್ತಿಸಿಕೊಂಡು ಗೌರವ ಪಡೆಯುವ ಸ್ಥಿತಿಗೆ ಯಾರನ್ನೂ ತರಬಾರದು.

ತೊಂಬತ್ತು ನಿಮಿಷದ ಲೆಕ್ಕ

ರಾಜ್ಯಪಾಲರ ಕಾರ್ಯಕ್ರಮಕ್ಕೆ ಮಿನಿಟ್ ಟು ಮಿನಿಟ್ ಪಟ್ಟಿ ಮೊದಲೇ ರಾಜಭವನಕ್ಕೆ ಹೋಗಬೇಕು. ಕೊಟ್ಟ ಅವಧಿ 90 ನಿಮಿಷ. ಕರಡು ಪಟ್ಟಿಯನ್ನು ಯಾರೂ ಕೂಡಿ ನೋಡಿರಲಿಲ್ಲ.

ಮೆರವಣಿಗೆ 6 ನಿಮಿಷ. ರಾಷ್ಟ್ರಗೀತೆ 52 ಸೆಕೆಂಡ್, ಆರಂಭ ಮತ್ತು ಕೊನೆಗೆ ಎರಡು ಸಲ, ಎದ್ದು ನಿಲ್ಲುವುದೂ ಸೇರಿ ತಲಾ ಒಂದು ನಿಮಿಷ. ನಾಡಗೀತೆ 2 ನಿಮಿಷ 30 ಸೆಕೆಂಡ್. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಇಷ್ಟೇ ಅವಧಿಯಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿದೆ, ಆದ್ದರಿಂದ ಇಲ್ಲಿ ಅಂದಾಜಿಗೆ ಜಾಗವಿಲ್ಲ. ಸ್ವಾಗತ 4, ಕುಲಪತಿಗಳ ವರದಿ 8, ಗೌರವ ಡಾಕ್ಟರೇಟ್ 7, ಘಟಿಕೋತ್ಸವ ಭಾಷಣ 20, ಕುಲಾಧಿಪತಿಗಳ ಮಾತು 8, ಪದವಿ ಪ್ರದಾನದ ಘೋಷಣೆ 2. ಪದಕ ವಿಜೇತರು 64. ಹೆಸರು ಕೂಗಿ, ಬಂದು, ಪದಕ ಹಾಕಿಸಿಕೊಂಡು, ಫೋಟೋಕ್ಕೆ ತಿರುಗಿ, ಇಳಿಯಲು ತಲಾ 20 ಸೆಕೆಂಡ್ ಹಿಡಿದರೆ 21 ನಿಮಿಷಕ್ಕೆ ಸ್ವಲ್ಪ ಹೆಚ್ಚು. ಪಿಎಚ್‌ಡಿ 220, ತಲಾ 12 ಸೆಕೆಂಡಿಗೆ 44 ನಿಮಿಷ. ಒಟ್ಟು 124 ನಿಮಿಷದ ಮೇಲೆ.

ಮೂವತ್ತೈದು ನಿಮಿಷ ಎಲ್ಲಿಂದ ಕಡಿಯುವುದು? ಸಮಿತಿಯ ಕೈ ಮೊದಲು ಹೋದದ್ದು ಪ್ರಶಂಸಾ ವಾಚನದ ಮೇಲೆ. ಹೆಸರು ಹೇಳಿ ಪ್ರಮಾಣಪತ್ರ ಕೊಟ್ಟರೆ ಐದು ನಿಮಿಷ ಉಳಿಯುತ್ತದೆ ಎಂದರು. ಇನ್ನೊಬ್ಬರು ಪಿಎಚ್‌ಡಿಯವರನ್ನು ಎಂಟು ಸೆಕೆಂಡಿಗೊಬ್ಬರಂತೆ ಓಡಿಸೋಣ ಎಂದರು. ಎಂಟು ಸೆಕೆಂಡಿಗೆ ಇಳಿಸಿದರೂ 29 ನಿಮಿಷ ಬೇಕು. ಜೊತೆಗೆ ಕೈಗೆ ಬರುವುದು ಬೇರೆಯವರ ಪ್ರಮಾಣಪತ್ರ. ಒಬ್ಬರು ಸಾಲು ತಪ್ಪಿದರೆ ಹಿಂದಿನವರೆಲ್ಲರದ್ದೂ ಅದಲುಬದಲು.

ಕೊನೆಗೆ ಪಿಎಚ್‌ಡಿ ಪ್ರದಾನವನ್ನು ಮಧ್ಯಾಹ್ನ 2.30ಕ್ಕೆ ಬೇರೆ ಗೋಷ್ಠಿಯಾಗಿ ಮಾಡಿದರು. ಕುಲಪತಿಗಳ ಕೈಯಿಂದ, ಮಾರ್ಗದರ್ಶಕರೂ ಪಕ್ಕದಲ್ಲಿ ನಿಂತು, ತಲಾ 15 ಸೆಕೆಂಡ್. ಕುಲಾಧಿಪತಿಗಳ ಕೈಯಿಂದ ಪಡೆಯುವ ಆಸೆ ಇಟ್ಟುಕೊಂಡಿದ್ದವರಿಗೆ ಇದರಿಂದ ನೋವಾಯಿತು, ಅದು ಸಹಜ. ಹಾಗಾಗಿಯೇ ಈ ನಿರ್ಧಾರವನ್ನು ಸಭಾಂಗಣದ ಬಾಗಿಲಲ್ಲಿ ಹೇಳದೆ ಮೂರು ದಿನ ಮೊದಲೇ ಎಲ್ಲರಿಗೂ ತಿಳಿಸಿದರು. ಬೆಳಗಿನ ಪಟ್ಟಿ 80 ನಿಮಿಷ 50 ಸೆಕೆಂಡಿಗೆ ಇಳಿಯಿತು. ಉಳಿದ ಒಂಬತ್ತು ಚಿಲ್ಲರೆ ನಿಮಿಷದಲ್ಲಿ ಮೂರು ನಿಮಿಷ ಹಾಡಿಗೆ.

ಹಾಡು ಮತ್ತು ಹೆಬ್ಬೆಟ್ಟು

ಗೌರವ ಪಡೆದವರು ಉತ್ತರವಾಗಿ ಮಾತಾಡುವ ಪದ್ಧತಿ ಎಲ್ಲ ಕಡೆ ಇಲ್ಲ. ತಂಬೂರಿ ಬಿಟ್ಟು ಬರುವುದಿಲ್ಲ ಎಂದವರಿಗೆ ಒಂದು ಪದ ಹಾಡಲು ಬಿಡುವುದೇ ಸರಿ. ಗಾಲಿಕುರ್ಚಿಯ ತೋಳುಗಳು ತಂಬೂರಿಗೆ ಅಡ್ಡ ಬರುತ್ತವೆ, ಆದ್ದರಿಂದ ತೋಳು ಕಳಚುವ ಕುರ್ಚಿಯನ್ನೇ ಬಾಡಿಗೆಗೆ ತಂದರು. ಕಂಠಕ್ಕೆ ಗಿಡ್ಡ ಸ್ಟ್ಯಾಂಡಿನ ಒಂದು ಮೈಕು, ತಂಬೂರಿಯ ಬುರುಡೆಗೆ ಇನ್ನೊಂದು. ಹಿಮ್ಮೇಳದ ತಾಳವಾದ್ಯಗಳಾದ ದಮ್ಮಡಿಗೆ, ಗಗ್ಗರಕ್ಕೆ ಮೈಕು ಕೊಟ್ಟರೆ ಮಾತು ಮುಚ್ಚಿಹೋಗುತ್ತದೆ. ಎಸಿ ಹಾಕಿದ ಸಭಾಂಗಣದಲ್ಲಿ ತಂತಿಯ ಶ್ರುತಿ ಇಳಿಯುವುದೋ ಏರುವುದೋ ಆಗುತ್ತದೆ, ಅದಕ್ಕೆ ತಂಬೂರಿ ಅರ್ಧ ಗಂಟೆ ಮೊದಲೇ ಒಳಗೆ ಬರಬೇಕು.

ಹಿಮ್ಮೇಳದ ಇಬ್ಬರು ಕೊನೆಯ ಗಳಿಗೆಯವರೆಗೂ ಯಾರ ಪಟ್ಟಿಯಲ್ಲೂ ಇರಲಿಲ್ಲ. ವೇದಿಕೆ ಹತ್ತುವ ಪ್ರತಿಯೊಬ್ಬರ ಹೆಸರು, ಭಾವಚಿತ್ರ, ಗುರುತಿನ ಚೀಟಿ ಪೊಲೀಸರಿಗೆ ಮೊದಲೇ ಹೋಗಬೇಕು. ಶನಿವಾರ ಮಧ್ಯಾಹ್ನ ಮೊಮ್ಮಗಳು ಫೋನಿನಲ್ಲಿ ತೆಗೆದು ಕಳಿಸಿದ ಚಿತ್ರಗಳಿಂದ ಕೆಲಸ ಆಯಿತು.

ಪದವಿ ನೋಂದಣಿ ಪುಸ್ತಕದ ಸಹಿಯದು ಇನ್ನೊಂದು ಪ್ರಶ್ನೆ. ವೇದಿಕೆಯ ಮೇಲೆ ಇಂಕಿನ ಪ್ಯಾಡು ಹಿಡಿದರೆ ಮರುದಿನದ ಪತ್ರಿಕೆಗಳಲ್ಲಿ ಅದೊಂದೇ ಚಿತ್ರ ಇರುತ್ತದೆ ಎಂದು ಮೇಷ್ಟ್ರು ಹಿಂಜರಿದರು. ಹಿರಿಯರು ಸಂಕೋಚವಿಲ್ಲದೆ “ನಂದು ಇದೇ ಸಯ್ನು” ಎಂದರು. ಸಮಾರಂಭಕ್ಕೆ ಮೊದಲು ವಿಶ್ರಾಂತಿ ಕೊಠಡಿಯಲ್ಲಿ, ಇಬ್ಬರು ಸಾಕ್ಷಿಗಳ ಎದುರು ಎಡಗೈ ಹೆಬ್ಬೆಟ್ಟು ಒತ್ತಿದರು. ಕೈ ಒರೆಸಲು ಒದ್ದೆ ಬಟ್ಟೆ ಇಟ್ಟಿರಬೇಕು, ಇಲ್ಲವಾದರೆ ಮಸಿ ತಂಬೂರಿಗೂ ಗೌನಿಗೂ ಹತ್ತುತ್ತದೆ.

ಬರಲಾಗದಿದ್ದರೆ

ಸೋಮವಾರ ರಾತ್ರಿ ಹಿರಿಯರಿಗೆ ಸ್ವಲ್ಪ ಜ್ವರ ಕಾಣಿಸಿತು. ಆಗ ಯಾರೂ ಯೋಚಿಸದಿದ್ದ ಪ್ರಶ್ನೆ ಎದ್ದಿತು: ಅವರು ಬರಲಾಗದಿದ್ದರೆ? ಗೈರಿನಲ್ಲಿ ಪ್ರದಾನ ಮಾಡುವುದೋ, ಮನೆಯವರ ಕೈಗೆ ಕೊಡುವುದೋ ಎಂಬುದನ್ನು ಪ್ರಸ್ತಾವದಲ್ಲೇ ಬರೆದಿರಬೇಕು. ಮನೆಯವರು ಸ್ವೀಕರಿಸಿದ ಮಾದರಿ ಮೈಸೂರಿನಲ್ಲೇ ಇದೆ. ಮೈಸೂರು ವಿಶ್ವವಿದ್ಯಾನಿಲಯ 1976ರಲ್ಲಿ ರಾಜ್‌ಕುಮಾರ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. 2022ರ ಮಾರ್ಚಿನಲ್ಲಿ ನಡೆದ 102ನೇ ಘಟಿಕೋತ್ಸವದಲ್ಲಿ ಅವರ ಮಗ ಪುನೀತ್ ರಾಜ್‌ಕುಮಾರ್ ಅವರಿಗೆ ಮರಣೋತ್ತರವಾಗಿ ಅದೇ ಗೌರವ ಸಂದಿತು, ಪತ್ನಿ ಅಶ್ವಿನಿಯವರು ಸ್ವೀಕರಿಸಿದರು. ಅಂಥ ಸಂದರ್ಭದಲ್ಲಿ ವಾಚನದ ಕ್ರಿಯಾಪದಗಳಿಂದ ಹಿಡಿದು ಯಾರು ಎಲ್ಲಿ ಕೂರುತ್ತಾರೆ ಎಂಬುದರವರೆಗೆ ಎಲ್ಲವೂ ಬದಲಾಗುತ್ತದೆ. ಎರಡನೆಯ ಪ್ರತಿಯೊಂದು ಸಿದ್ಧವಿರಬೇಕು. ಇಲ್ಲಿ ಬೆಳಗಾಗುವ ಹೊತ್ತಿಗೆ ಜ್ವರ ಇಳಿದಿತ್ತು.

ಮಂಗಳವಾರ

ಮೊದಲ ತೊಂದರೆ ಗೇಟಿನಲ್ಲೇ. ಕರೆತರಲು ಹೋಗಿದ್ದ ಕಾರು ಮದ್ದೂರಿನ ಬಳಿ ಕೆಟ್ಟು, ಬೇರೆ ಕಾರಿನಲ್ಲಿ ಬಂದರು. ಪಾಸಿನ ಮೇಲಿದ್ದ ನಂಬರೇ ಬೇರೆ. ಹದಿನಾಲ್ಕು ನಿಮಿಷ ನಿಲ್ಲಬೇಕಾಯಿತು. ಒಂದೂವರೆ ಗಂಟೆ ಮೊದಲೇ ತಲುಪುವಂತೆ ಹೊರಟಿದ್ದರಿಂದ ಕೆಡಲಿಲ್ಲ. ಪಾಸಿಗೆ ಎರಡು ವಾಹನದ ನಂಬರು ಬರೆಸಿಟ್ಟಿರಬೇಕು, ಗೇಟಿನ ಪೊಲೀಸ್ ಅಧಿಕಾರಿಯ ಫೋನ್ ನಂಬರು ಜೊತೆಗಾರರ ಬಳಿ ಇರಬೇಕು.

ಪ್ರದಾನದ ಹೊತ್ತಿನಲ್ಲಿ ಕುಲಾಧಿಪತಿಗಳು ಮೇಜಿನ ಹಿಂದಿನಿಂದ ಮುಂದೆ ಬಂದು ಕೊಡಬೇಕಿತ್ತು. ಕೂತವರಿಗೆ ಮೇಜಿನ ಮೇಲಿಂದ ಕೈ ಚಾಚಿದರೆ ಎಟುಕದು. ಇದನ್ನು ಹಿಂದಿನ ಸಂಜೆಯೇ ರಾಜ್ಯಪಾಲರ ಜೊತೆಗಿರುವ ಸಹಾಯಕ ಅಧಿಕಾರಿ ಎಡಿಸಿಯವರಿಗೆ ಹೇಳಿ ನೆಲದ ಮೇಲೆ ಗುರುತು ಹಾಕಿದ್ದರು, ಸುಗಮವಾಯಿತು. ಪ್ರಮಾಣಪತ್ರದ ದಪ್ಪ ಹೊದಿಕೆ ಮಾತ್ರ ಭಾರವಾಯಿತು. ಒಂದು ಕೈಯಲ್ಲಿ ತಂಬೂರಿ ಹಿಡಿದವರ ಮಡಿಲಿಗೆ ಅದನ್ನು ಇಡಬೇಕಾಯಿತು. ಫೋಟೋ ಆದ ಕೂಡಲೇ ತೆಗೆದುಕೊಳ್ಳಲು ಒಬ್ಬರು ನಿಂತಿರಬೇಕಿತ್ತು, ಯಾರೂ ಇರಲಿಲ್ಲ.

ವಾಚನದಲ್ಲಿ ಹಲಗೂರಿನ ಹೆಸರು ಬಂದಾಗ ಹಿಂದಿನ ಸಾಲುಗಳಿಂದ ಚಪ್ಪಾಳೆ ಎದ್ದು 40 ಸೆಕೆಂಡ್ ನಿಲ್ಲಲಿಲ್ಲ. ಹಾಡು ಮೂರರ ಬದಲು ಐದು ನಿಮಿಷ ನಡೆಯಿತು. ನಿರೂಪಕರು ನಾಲ್ಕನೆಯ ನಿಮಿಷಕ್ಕೆ ಮೈಕಿನ ಕಡೆ ಹೆಜ್ಜೆ ಹಾಕಿದ್ದರು, ಕುಲಪತಿಗಳು ಕಣ್ಣಲ್ಲೇ ತಡೆದರು. ಪದಕಗಳಿಗೆ 23 ನಿಮಿಷ ಹಿಡಿಯಿತು. ಇಷ್ಟಾದರೂ ರಾಷ್ಟ್ರಗೀತೆ ಮುಗಿದಾಗ ಎರಡು ನಿಮಿಷ ಮಿಕ್ಕಿತ್ತು.

ಆಮೇಲೆ

ಸಂಜೆಯೊಳಗೆ ಊರಿನ ಬ್ಯಾನರುಗಳಲ್ಲಿ “ಡಾ.” ಬಂದೇ ಬಂತು. ಊರವರ ಸಂತೋಷ ಅದು. ವಿಶ್ವವಿದ್ಯಾನಿಲಯದ ದಾಖಲೆಗಳಲ್ಲಿ ಮಾತ್ರ “ಗೌರವ ಡಾಕ್ಟರೇಟ್ ಪುರಸ್ಕೃತರು” ಎಂದೇ ಇರಬೇಕು. ಸಂವಿಧಾನದ 18ನೇ ವಿಧಿ ರಾಜ್ಯವು ಬಿರುದು ಕೊಡುವುದನ್ನು ನಿಷೇಧಿಸುತ್ತದೆ. ಸೇನೆಯ ಮತ್ತು ವಿದ್ಯೆಯ ಗೌರವಗಳಿಗೆ ಮಾತ್ರ ವಿನಾಯಿತಿ. ಪದವಿ ಕೊಡುವ ಹಕ್ಕು ಕಾನೂನಿನಿಂದ ಸ್ಥಾಪಿತವಾದ ಅಥವಾ ಅಧಿಕಾರ ಪಡೆದ ಸಂಸ್ಥೆಗಳಿಗಷ್ಟೇ ಇದೆ ಎಂದು ಯುಜಿಸಿ ಅಧಿನಿಯಮ 1956ರ 22ನೇ ಸೆಕ್ಷನ್ ಹೇಳುತ್ತದೆ. ಉಲ್ಲಂಘನೆಗೆ ಅದೇ ಅಧಿನಿಯಮದ ದಂಡ ಒಂದು ಸಾವಿರ ರೂಪಾಯಿವರೆಗೆ. ಇಷ್ಟು ಕಡಿಮೆ ದಂಡದ ಭಯವಿಲ್ಲದೆ ಹೋಟೆಲ್ ಸಭಾಂಗಣಗಳಲ್ಲಿ ದುಡ್ಡಿಗೆ ಗೌರವ ಡಾಕ್ಟರೇಟ್ ಹಂಚುವವರಿದ್ದಾರೆ. ಅದಕ್ಕೇ ನಿಜವಾದದ್ದರ ಕಡತ ಗಟ್ಟಿಯಾಗಿರಬೇಕು: ಸಿಂಡಿಕೇಟ್ ನಿರ್ಣಯ, ರಾಜಭವನದ ಪತ್ರ, ಹಿರಿಯರ ಒಪ್ಪಿಗೆ, ವಾಚನದ ಸಹಿಯಾದ ಪ್ರತಿ, ಹೆಬ್ಬೆಟ್ಟಿನ ಪುಟ.

ಐದು ನಿಮಿಷದ ಹಾಡಿನ ಧ್ವನಿಮುದ್ರಣವನ್ನು ಪೆನ್‌ಡ್ರೈವಿಗೆ ಹಾಕಿ, ವಾಚನವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ ಮೇಷ್ಟ್ರು ಹಳ್ಳಿಗೆ ತಲುಪಿಸಿದರು. ಮೊಮ್ಮಗಳು ಓದಿ ಹೇಳಿದಳು. ಹಿಮ್ಮೇಳದವರ ಪ್ರಯಾಣ ಭತ್ಯೆ ಮಾತ್ರ ಎರಡು ತಿಂಗಳು ನಿಂತಿತು. ಬಿಲ್ಲಿನ ನಮೂನೆಯಲ್ಲಿ ಅತಿಥಿ, ಸಿಬ್ಬಂದಿ ಎಂಬ ಎರಡೇ ಕಾಲಂ, ದಮ್ಮಡಿ ಬಾರಿಸಿದವರು ಎರಡಕ್ಕೂ ಸೇರದವರು. ಮುಂದಿನ ವರ್ಷದ ನಮೂನೆಗೆ “ಸಹಕಲಾವಿದರು” ಎಂಬ ಮೂರನೆಯ ಕಾಲಂ ಸೇರಿತು.